ಉಸಿರು ಕೈ ಬದಲಾಗುವ ಹೊತ್ತು

(ಕೊಳ್ಳೇಗಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ವೇದಿಕೆ ಹತ್ತುವ ಮುಂಚೆ ಈ ದತ್ತಿಯನ್ನಿಟ್ಟ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು. ತಮ್ಮ ಯಜಮಾನರ ಹೆಸರೆತ್ತಿ ಹೊಗಳುವುದು ಬೇಡ, ಅವರು ಕೊನೆಗಾಲದಲ್ಲಿ ಏನನ್ನು ಅನುಭವಿಸಿದರೋ ಅದನ್ನು ನಾಲ್ಕು ಜನಕ್ಕೆ ತಿಳಿಯುವ ಹಾಗೆ ಹೇಳಿ, ಅಷ್ಟು ಸಾಕು ಎಂದರು. ಆ ಯಜಮಾನರು ತಿಂಗಳ ಮೇಲೆ ಕತ್ತಿನ ಟ್ಯೂಬಿನಲ್ಲಿ ಉಸಿರಾಡಿದವರು. ಆದ್ದರಿಂದ ಇವತ್ತಿನ ಮಾತೆಲ್ಲ ಆ ಟ್ಯೂಬಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಹಾಕುವ ಕೆಲವು ನಿಮಿಷಗಳ ಬಗ್ಗೆ.

ನಾನು ಅರಿವಳಿಕೆ ವೈದ್ಯ. ನಮ್ಮ ಸೀಮೆಯಿಂದ ಮೈಸೂರಿನ ಐಸಿಯುವಿಗೆ ಬಂದ ರೋಗಿಯ ಮನೆಯವರನ್ನು ಕೂರಿಸಿಕೊಂಡು, "ಬಾಯಲ್ಲಿ ಟ್ಯೂಬು ಹಾಕಿ ಹತ್ತು ದಿನ ಆಯ್ತು, ಇನ್ನು ಕತ್ತಿನಲ್ಲಿ ದಾರಿ ಮಾಡಬೇಕು" ಎಂದಾಗ ಎದುರಿನಿಂದ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ. "ಕತ್ತ ಕುಯ್ದುಬುಟ್ಟರ ಮಾತು ಬತ್ತುದಾ ಸಾ?" ಬರುತ್ತದೆ ಅನ್ನುತ್ತೇನೆ. ಟ್ಯೂಬು ತೆಗೆದ ಮೇಲೆ ತೂತು ಕೆಲವು ದಿನಗಳಲ್ಲಿ, ಕೆಲವರಿಗೆ ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಸ್ವರದ ಪೆಟ್ಟಿಗೆ ಇರುವುದು ಆ ತೂತಿಗಿಂತ ಮೇಲೆ, ಅದನ್ನು ನಾವು ಮುಟ್ಟುವುದಿಲ್ಲ. ಅಷ್ಟು ಕೇಳಿದ ಮೇಲೆ ಅವರು ಹೆಬ್ಬೆಟ್ಟು ಒತ್ತುತ್ತಾರೆ, ಇಲ್ಲವೆ ಸಹಿ ಹಾಕುತ್ತಾರೆ. ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: "ಕುಯ್ಯುವಾಗ ಉಸುರ ಯಾರು ನೋಡ್ಕತಾರ ಸಾ?" ಕೇಳಬೇಕಾದದ್ದು ಇದನ್ನು.

ಟ್ರೇಕಿಯಾಸ್ಟಮಿ ಎಂದರೆ ಕತ್ತಿನ ಮುಂಭಾಗದಲ್ಲಿ, ಗಂಟಲಗಂಟಿನ ಕೆಳಗೆ, ಶ್ವಾಸನಾಳಕ್ಕೆ ನೇರವಾಗಿ ಒಂದು ದಾರಿ ಮಾಡಿ ಅದರಲ್ಲಿ ಮೋಟು ಟ್ಯೂಬೊಂದನ್ನು ಇಡುವುದು. ತಾನಾಗಿ ಉಸಿರಾಡಲಾಗದ ರೋಗಿಗೆ ಮೊದಲು ಬಾಯಿಯಿಂದ ಟ್ಯೂಬು ಇಳಿಸಿ ವೆಂಟಿಲೇಟರಿಗೆ ಜೋಡಿಸುತ್ತೇವೆ. ಅದು ಕೆಲವು ದಿನಕ್ಕೆ ಸರಿ. ದಿನ ಕಳೆದಂತೆ ತುಟಿ, ನಾಲಿಗೆ, ಸ್ವರತಂತುಗಳ ಮೇಲೆ ಒತ್ತಿ ಹುಣ್ಣಾಗುತ್ತದೆ, ಬಾಯಿ ತೊಳೆಯಲಾಗುವುದಿಲ್ಲ, ರೋಗಿ ಎಚ್ಚರವಾದರೆ ಆ ಟ್ಯೂಬನ್ನು ಸಹಿಸುವುದಿಲ್ಲ, ಅವನನ್ನು ಮಲಗಿಸಿಡಲು ಮದ್ದು ಕೊಡುತ್ತಲೇ ಇರಬೇಕಾಗುತ್ತದೆ. ಕತ್ತಿನ ಟ್ಯೂಬಾದರೆ ಎಚ್ಚರವಾಗಿ ಕೂರಬಹುದು, ಕಫ ತೆಗೆಯುವುದು ಸುಲಭ, ವೆಂಟಿಲೇಟರಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸಬಹುದು.

ಯಾವಾಗ ಮಾಡಬೇಕು? ಬ್ರಿಟನ್ನಿನಲ್ಲಿ ಟ್ರ್ಯಾಕ್‌ಮ್ಯಾನ್ ಎಂಬ ಹೆಸರಿನ ದೊಡ್ಡ ಅಧ್ಯಯನವೊಂದು ನಡೆದು 2013ರಲ್ಲಿ ಪ್ರಕಟವಾಯಿತು. ನಾಲ್ಕು ದಿನದೊಳಗೆ ಮಾಡಿದವರಿಗೂ ಹತ್ತು ದಿನ ಕಾದವರಿಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾದವರ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೊನೆಗೆ ಆ ತೂತೇ ಬೇಕಾಗಲಿಲ್ಲ. ಹಾಗಾಗಿ "ಇನ್ನೆರಡು ದಿನ ನೋಡೋಣ" ಎಂದು ವೈದ್ಯರು ಹೇಳಿದರೆ ಅದು ಅಲಕ್ಷ್ಯ ಎಂದು ತಿಳಿಯಬೇಡಿ.

ಇದು ದೊಡ್ಡ ಊರಿನ ವಿಷಯ, ನಮಗೇಕೆ ಎನ್ನುವವರಿದ್ದರೆ 2018ರ ಡಿಸೆಂಬರ್ 14ನ್ನು ನೆನೆಯಬೇಕು. ಹನೂರು ತಾಲ್ಲೂಕಿನ ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಗುದ್ದಲಿ ಪೂಜೆ. ಪೂಜೆ ಮುಗಿದ ಮೇಲೆ ಜನ ಪ್ರಸಾದ ತಿಂದರು. ತಿಂದ ಅನ್ನದಲ್ಲಿ ಮಾನೋಕ್ರೊಟೊಫಾಸ್ ಇತ್ತು, ಹೊಲಕ್ಕೆ ಹೊಡೆಯುವ ಕೀಟನಾಶಕ. 17 ಮಂದಿ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಆ ಅಪರಾಧದ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ನಾನು ಹೇಳಹೊರಟಿರುವುದು ಆ ಸಂಜೆಯಿಂದ ಆ ಜನರ ಉಸಿರು ಯಾರ ಯಾರ ಕೈ ದಾಟಿತು ಎಂಬುದನ್ನು.

ಈ ಜಾತಿಯ ವಿಷ ಮಾಡುವುದೇನೆಂದರೆ, ನರ ಸ್ನಾಯುವಿಗೆ ಕೊಟ್ಟ ಸಂದೇಶವನ್ನು ಒರೆಸಿಹಾಕುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಸಂದೇಶ ಒರೆಸದೆ ಉಳಿದರೆ ಬಾಯಿ, ಶ್ವಾಸನಾಳ, ಕಣ್ಣು ಎಲ್ಲ ಕಡೆಯೂ ನೀರು ಕಿತ್ತುಕೊಂಡು ಬರುತ್ತದೆ. ಎದೆಯೊಳಗೆ ನೊರೆ ತುಂಬುತ್ತದೆ. ಅಟ್ರೋಪಿನ್ ಚುಚ್ಚಿ ಚುಚ್ಚಿ ಆ ನೀರನ್ನು ಒಣಗಿಸಿದ ಮೇಲೆ ಮನೆಯವರು "ಬದುಕ್ಕಂಡ" ಎಂದು ಉಸಿರು ಬಿಡುತ್ತಾರೆ. ಎರಡನೆಯ ಅಪಾಯ ಆಗ ಶುರುವಾಗುತ್ತದೆ. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಲ್ಲಿಯದ್ದೆ ಎಂಬ ವೈದ್ಯರು ಅದನ್ನು ವಿವರವಾಗಿ ಬರೆದರು. ವಿಷ ಒಳಗೆ ಹೋದ ಒಂದರಿಂದ ನಾಲ್ಕು ದಿನದೊಳಗೆ, ಚೇತರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡ ರೋಗಿಯ ಕತ್ತಿನ ಸ್ನಾಯು, ತೋಳಿನ ಬುಡ, ಆಮೇಲೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇದನ್ನು ಹಿಡಿಯಲು ಯಂತ್ರ ಬೇಡ. "ದಿಂಬಿನಿಂದ ತಲೆ ಎತ್ತಪ್ಪ" ಅನ್ನಬೇಕು. ಎತ್ತಲಾಗದಿದ್ದರೆ ಇನ್ನು ಕೆಲವೇ ಗಂಟೆಗಳಲ್ಲಿ ಉಸಿರು ನಿಲ್ಲಬಹುದು ಎಂದು ತಿಳಿದು ಟ್ಯೂಬಿಗೆ ಸಿದ್ಧರಾಗಬೇಕು. ಹೀಗೆ ಸೋತ ಸ್ನಾಯು ಮತ್ತೆ ಬಲ ಪಡೆಯಲು ಒಂದು ವಾರ, ಎರಡು ವಾರ, ಕೆಲವೊಮ್ಮೆ ಮೂರು ವಾರ. ಅಷ್ಟೂ ದಿನ ಉಸಿರು ಬೇರೆಯವರ ಕೈಯಲ್ಲಿ. ನಮ್ಮ ಕಡೆ ಹೊಲದ ಮದ್ದಿನಿಂದ, ಕಟ್ಟುಹಾವಿನ ಕಡಿತದಿಂದ ಐಸಿಯು ಸೇರುವವರಲ್ಲಿ ಕತ್ತಿನ ಟ್ಯೂಬು ಬೇಕಾಗುವುದು ಇದಕ್ಕೇ. ಪುಪ್ಪುಸ ಕೆಟ್ಟಿರುವುದಿಲ್ಲ, ಮೆದುಳು ನೆಟ್ಟಗಿರುತ್ತದೆ, ತಿದಿ ಒತ್ತುವ ಬಲ ಮಾತ್ರ ಕೆಲವು ದಿನ ಇಲ್ಲವಾಗಿರುತ್ತದೆ. ಇಂಥವರನ್ನು ಉಸಿರಿನ ಕೊರತೆಯಿಂದ ಕಳೆದುಕೊಂಡರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಸುಳವಾಡಿಯ ಜನ ರಾಮಾಪುರ, ಕಾಮಗೆರೆ, ಕೊಳ್ಳೇಗಾಲದ ಆಸ್ಪತ್ರೆಗಳಿಗೆ ಬಂದರು. ಸುಳವಾಡಿಯಿಂದ ಲೆಕ್ಕ ಹಾಕಿದರೆ ನೂರು ಕಿಲೋಮೀಟರಿಗೂ ಮೀರಿದ ಹಾದಿ ಮೈಸೂರಿಗೆ. ಒಂದೇ ಆಸ್ಪತ್ರೆಯಲ್ಲಿ ಅಷ್ಟು ವೆಂಟಿಲೇಟರು ಇರಲಿಲ್ಲ. ಕೆ.ಆರ್. ಆಸ್ಪತ್ರೆಗೂ ಹಲವು ಖಾಸಗಿ ಆಸ್ಪತ್ರೆಗಳಿಗೂ ಅವರನ್ನು ಹಂಚಬೇಕಾಯಿತು. ಒಂದು ಮಂಚದಿಂದ ಆಂಬುಲೆನ್ಸಿಗೆ, ಆಂಬುಲೆನ್ಸಿನಿಂದ ಇನ್ನೊಂದು ಮಂಚಕ್ಕೆ, ಅಲ್ಲಿಂದ ಐಸಿಯುವಿಗೆ. ಪ್ರತಿ ಸಲವೂ ಉಸಿರನ್ನು ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಂಡಿರುತ್ತಾರೆ. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಹಿರಿಯರು ಕಚೇರಿಯ ಕೆಲಸಕ್ಕೆ ಅಷ್ಟು ದೂರ ನೋಡಿದರು, ನಾವು ಇಂದಿಗೂ ಉಸಿರಿಗೆ ಮೈಸೂರಿನ ಕಡೆ ನೋಡುತ್ತೇವೆ.

ಕತ್ತಿನ ತೂತಿನ ಮೂಲಕ ಬೇರೊಬ್ಬರು ಉಸಿರು ಕೊಟ್ಟು ಉಳಿಸಬಹುದು ಎಂದು ಲೋಕಕ್ಕೆ ತೋರಿಸಿದ ಊರು ಡೆನ್ಮಾರ್ಕಿನ ಕೋಪನ್‌ಹೇಗನ್. 1952ರಲ್ಲಿ ಅಲ್ಲಿ ಪೋಲಿಯೊ ಹಬ್ಬಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಮೈಯನ್ನು ಪೆಟ್ಟಿಗೆಯೊಳಗಿಟ್ಟು ಉಸಿರಾಡಿಸುವ ಯಂತ್ರ ಇದ್ದದ್ದು ಒಂದು, ಎದೆಗೆ ಕಟ್ಟುವಂಥವು ಆರು. ಮೊದಲ ಕೆಲವು ವಾರಗಳಲ್ಲಿ ಉಸಿರು ಸೋತ 31 ಮಂದಿಯಲ್ಲಿ 27 ಜನ ಸತ್ತರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರನ್ನು ಕರೆಸಿದರು. ಆಗಸ್ಟ್ 27ರಂದು ಅವರ ಮುಂದೆ ತಂದದ್ದು ಹನ್ನೆರಡು ವರ್ಷದ ಒಬ್ಬ ಹುಡುಗಿಯನ್ನು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಕೊನೆಯ ಗೆಲುವನ್ನು ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ನಡುವಿನ ಕೆಲವು ನಿಮಿಷ. ಹುಡುಗಿಯ ಕತ್ತಿನ ಜಾಗವನ್ನಷ್ಟೇ ಮರಗಟ್ಟಿಸಿ ಟ್ರೇಕಿಯಾಸ್ಟಮಿ ಮಾಡಿದರು. ಟ್ಯೂಬು ಕೂತಿತು, ಆದರೆ ಉಸಿರು ಹೋಗಲಿಲ್ಲ. ಎಚ್ಚರವಿದ್ದ ಮಗು ಒದ್ದಾಡಿತು, ಶ್ವಾಸನಾಳ ಬಿಗಿಯಿತು, ಇಬ್ಸೆನ್ ಒತ್ತುತ್ತಿದ್ದ ಗಾಳಿ ಒಳಗಿಳಿಯಲಿಲ್ಲ. ನೋಡಲು ಬಂದಿದ್ದ ವೈದ್ಯರು ಇದು ಮುಗಿಯಿತೆಂದು ಕೋಣೆಯಿಂದ ಹೊರಗೆ ಹೋದರು. ಇಬ್ಸೆನ್ ಅವಳಿಗೆ ನಿದ್ದೆಯ ಮದ್ದು ಚುಚ್ಚಿದರು. ಅವಳ ಒದ್ದಾಟ ನಿಂತಿತು, ಅವಳ ಸ್ವಂತ ಉಸಿರೂ ನಿಂತಿತು. ಆಗ ಚೀಲ ಒತ್ತಿ ಪುಪ್ಪುಸಕ್ಕೆ ಗಾಳಿ ಕೊಡಲು ಸಾಧ್ಯವಾಯಿತು. ಮೈಬಣ್ಣ ತಿರುಗಿತು. ಹೊರಗೆ ಹೋದವರು ಮರಳಿ ಬಂದು ನೋಡಿದಾಗ ಹುಡುಗಿ ಬದುಕಿದ್ದಳು. ತೂತು ಮಾಡಿದ್ದರಿಂದ ಅವಳು ಉಳಿಯಲಿಲ್ಲ. ತೂತು ಮಾಡಿದ ಮೇಲಿನ ಆ ಗಂಡಾಂತರದಲ್ಲಿ ತಲೆಯ ಬಳಿ ಉಸಿರಿನ ಲೆಕ್ಕ ಬಲ್ಲ ಒಬ್ಬ ಮನುಷ್ಯ ಕದಲದೆ ನಿಂತಿದ್ದರಿಂದ ಉಳಿದಳು.

ಆಮೇಲೆ ಸುಮಾರು 1,500 ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ಪಕ್ಕ ಕೂತು ಕೈಯಿಂದಲೇ ಚೀಲ ಒತ್ತಿದರು. ಒಂದು ಹಂತದಲ್ಲಿ ಏಕಕಾಲಕ್ಕೆ 70 ಜನರ ಉಸಿರು ಹೀಗೆ ವಿದ್ಯಾರ್ಥಿಗಳ ಅಂಗೈಯಲ್ಲಿತ್ತು. ನೂರಕ್ಕೆ ಎಂಬತ್ತೇಳರಷ್ಟಿದ್ದ ಸಾವು ಇಳಿದು ಇಳಿದು ಕೊನೆಗೆ ಇಪ್ಪತ್ತೈದರ ಆಸುಪಾಸಿಗೆ ಬಂತು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿಂದ. ಸಿಲಿಂಡರ್ ಇಲ್ಲದಿದ್ದರೂ ತಾನೇ ಉಬ್ಬಿಕೊಳ್ಳುವ ಆಂಬು ಬ್ಯಾಗ್ ಕೂಡ ಅದೇ ದೇಶದ್ದು. ಹೆನಿಂಗ್ ರೂಬೆನ್, ಹೋಲ್ಗರ್ ಹೆಸ್ಸೆ ಎಂಬಿಬ್ಬರು ಮಾಡಿ 1956ರಲ್ಲಿ ಬಳಕೆಗೆ ತಂದದ್ದು. ಮೊದಲ ಮಾದರಿಗೆ ಸೈಕಲ್ ಕಡ್ಡಿಗಳನ್ನು ಬಳಸಿದ್ದರಂತೆ.

ಈಗ ನಮ್ಮ ಐಸಿಯುವಿಗೆ ಬರೋಣ. ಹಿಂದೆ ರೋಗಿಯನ್ನು ಆಪರೇಷನ್ ಥಿಯೇಟರಿಗೆ ಒಯ್ದು ಕತ್ತು ಸೀಳಿ ಟ್ಯೂಬು ಇಡುತ್ತಿದ್ದರು. 1985ರಲ್ಲಿ ಚಾಲಿಯಾ ಎಂಬ ಅಮೆರಿಕದ ಶಸ್ತ್ರವೈದ್ಯ ಮಂಚದ ಬಳಿಯೇ ಮಾಡುವ ಉಪಾಯ ಕಂಡುಹಿಡಿದರು. ಸೂಜಿ ಚುಚ್ಚುವುದು, ಸೂಜಿಯೊಳಗಿಂದ ತೆಳು ತಂತಿ ಬಿಡುವುದು, ತಂತಿಯ ಜಾಡಿನಲ್ಲಿ ತೂತನ್ನು ಹಿಗ್ಗಿಸಿ ಟ್ಯೂಬು ಇಳಿಸುವುದು. ಕೈ ಪಳಗಿದವರಿಗೆ ಕಾಲು ಗಂಟೆಯ ಕೆಲಸ. ಆದರೆ ಒಂದು ತೊಡಕಿದೆ. ಕತ್ತಿನಲ್ಲಿ ಟ್ಯೂಬು ಇಳಿಯಬೇಕಾದ ಜಾಗದಲ್ಲಿ ಬಾಯಿಯಿಂದ ಬಂದ ಹಳೆಯ ಟ್ಯೂಬು ಆಗಲೇ ಕೂತಿರುತ್ತದೆ. ಅದನ್ನು ಮೇಲಕ್ಕೆ ಎಳೆಯಬೇಕು, ಪೂರ್ತಿ ಎಳೆಯಬಾರದು. ಅದರ ತುದಿಯ ಬಲೂನು ಸ್ವರತಂತುಗಳ ಹತ್ತಿರಕ್ಕೆ ಬಂದು ಅಲ್ಲೇ ನಿಲ್ಲಬೇಕು. ಬೆರಳ ಅಗಲ ಹೆಚ್ಚು ಎಳೆದರೆ ಟ್ಯೂಬು ಆಚೆ, ಕಡಿಮೆ ಎಳೆದರೆ ಸೂಜಿ ಬಲೂನಿಗೇ ಚುಚ್ಚಿ ಗಾಳಿ ಹೊರಗೆ. ಎರಡರಲ್ಲಿ ಯಾವುದಾದರೂ ರೋಗಿಗೆ ಉಸಿರಿಲ್ಲ.

ಕೊಳ್ಳೇಗಾಲದವರಿಗೆ ಇದನ್ನು ಹೇಳುವುದು ನನಗೆ ಸುಲಭ. ನಮ್ಮಲ್ಲಿ ರೇಷ್ಮೆ ಬಿಚ್ಚಾಣಿಕೆ ನೋಡದವರಿಲ್ಲ. ಬೇಸಿನ್ನಿನ ಬಿಸಿನೀರಿನಲ್ಲಿ ಕುಣಿಯುವ ಗೂಡುಗಳ ಎಳೆಗಳೆಲ್ಲ ಸೇರಿ ಒಂದು ನೂಲಾಗಿ ಮೇಲೇಳುತ್ತಿರುತ್ತವೆ. ಒಂದು ಗೂಡು ಮುಗಿಯಿತು ಎನ್ನುವಷ್ಟರಲ್ಲಿ ಕೂತ ಹೆಂಗಸು ಇನ್ನೊಂದರ ಎಳೆ ಹಚ್ಚಿರುತ್ತಾಳೆ. ಅವಳ ಕಣ್ಣು ನೂಲಿನ ಮೇಲೆ, ಬೇರೆಲ್ಲೂ ಅಲ್ಲ. ನೂಲು ಕಡಿದರೆ ಮತ್ತೆ ಗಂಟು ಹಾಕಬಹುದು. ನಮ್ಮ ಕೆಲಸದಲ್ಲಿ ಕಡಿದದ್ದನ್ನು ಗಂಟು ಹಾಕಲು ಇರುವ ಸಮಯ ಎಷ್ಟೆಂದು ಕೇಳಿ.

ಆರೋಗ್ಯವಂತ ದೊಡ್ಡವರ ಎದೆಯಲ್ಲಿ ಉಸಿರು ಬಿಟ್ಟ ಮೇಲೂ ಸುಮಾರು ಎರಡೂವರೆ ಲೀಟರ್ ಗಾಳಿ ಉಳಿದಿರುತ್ತದೆ. ಅದರಲ್ಲಿ ಆಮ್ಲಜನಕದ ಪಾಲು ಸುಮಾರು 350 ಮಿಲಿಲೀಟರ್. ದೇಹ ನಿಮಿಷಕ್ಕೆ ಖರ್ಚು ಮಾಡುವುದು 250. ಅಂದರೆ ಎದೆಯ ಉಗ್ರಾಣದಲ್ಲಿರುವುದು ಒಂದೂವರೆ ನಿಮಿಷಕ್ಕೂ ಸಾಲದ ದಾಸ್ತಾನು. ಮೊದಲೇ ಕೆಲವು ನಿಮಿಷ ನೂರಕ್ಕೆ ನೂರು ಆಮ್ಲಜನಕ ಕೊಟ್ಟರೆ ಅದೇ ಉಗ್ರಾಣದಲ್ಲಿ ಎರಡು ಲೀಟರಿಗೂ ಹೆಚ್ಚು ತುಂಬಿ, ಎಂಟು ನಿಮಿಷದ ತನಕ ತಡೆಯುತ್ತದೆ. ಇದು ಗಟ್ಟಿಮುಟ್ಟಾದವರ ಲೆಕ್ಕ. ಐಸಿಯುವಿನಲ್ಲಿ ಹತ್ತು ದಿನ ಮಲಗಿದವರ, ನ್ಯುಮೋನಿಯಾ ಹತ್ತಿದವರ ಪುಪ್ಪುಸ ಕುಗ್ಗಿರುತ್ತದೆ, ಜ್ವರವಿದ್ದರೆ ಖರ್ಚು ಹೆಚ್ಚಿರುತ್ತದೆ. ಅವರಿಗೆ ಎರಡು ನಿಮಿಷ ಸಿಕ್ಕರೆ ಪುಣ್ಯ. ಕೆಲಸ ಶುರುವಾಗುವ ಮುಂಚೆ ವೆಂಟಿಲೇಟರಿನಲ್ಲಿ ಆಮ್ಲಜನಕವನ್ನು ಪೂರ್ತಿ ಏರಿಸುವುದು ಇದಕ್ಕಾಗಿ.

ಇನ್ನೊಂದು ಲೆಕ್ಕವನ್ನು ನನ್ನ ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಸೂಜಿ ಸರಿಯಾಗಿ ನಡುಮಧ್ಯದಲ್ಲಿ ಇಳಿಯಿತೇ ಎಂದು ನೋಡಲು ಹಳೆಯ ಟ್ಯೂಬಿನೊಳಗಿಂದ ಬ್ರಾಂಕೋಸ್ಕೋಪ್ ಎಂಬ ದುರ್ಬೀನು ಬಿಡುತ್ತೇವೆ. ಅದು ಒಳ್ಳೆಯ ಕ್ರಮ, ಶ್ವಾಸನಾಳದ ಹಿಂದಿನ ಗೋಡೆಗೆ ಸೂಜಿ ತಾಗಿ ಅನ್ನನಾಳದ ಕಡೆ ನುಗ್ಗುವುದನ್ನು ತಡೆಯುತ್ತದೆ. ಆದರೆ ಗಾಳಿ ಹೋಗಬೇಕಾದ ದಾರಿಯಲ್ಲೇ ಅದೂ ಹೋಗಬೇಕು. ಟ್ಯೂಬಿನ ಒಳವ್ಯಾಸ 8 ಮಿಲಿಮೀಟರ್, ದುರ್ಬೀನು 6 ಎಂದುಕೊಳ್ಳಿ. ಜಾಗ ವ್ಯಾಸದ ವರ್ಗದಂತೆ ಲೆಕ್ಕಕ್ಕೆ ಬರುತ್ತದೆ: 64ರಲ್ಲಿ 36 ಹೋದರೆ 28. ಅರ್ಧಕ್ಕಿಂತ ಕಡಿಮೆ. ಹೆಂಗಸರಿಗೆ ಹೆಚ್ಚಾಗಿ ಹಾಕುವ 7 ಮಿಲಿಮೀಟರ್ ಟ್ಯೂಬಾದರೆ 49ರಲ್ಲಿ 36 ಹೋಗಿ ಉಳಿಯುವುದು 13, ಕಾಲುಭಾಗ. ಯಂತ್ರ ಒತ್ತಡದಿಂದ ಗಾಳಿಯನ್ನು ಒಳಗೆ ತಳ್ಳಿಬಿಡಬಹುದು. ಹೊರಗೆ ಬರುವ ಉಸಿರಿಗೆ ತಳ್ಳುವವರಿಲ್ಲ, ಅದು ಎದೆಯಲ್ಲೇ ಉಳಿಯುತ್ತ ಹೋಗುತ್ತದೆ. ಎದೆ ಉಬ್ಬುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ತಲೆಗೆ ಪೆಟ್ಟಾದ ರೋಗಿಗೆ ಆ ಏರಿಕೆಯೇ ಮೆದುಳಿನ ಒತ್ತಡವನ್ನು ಹೆಚ್ಚಿಸುತ್ತದೆ. ಆದ್ದರಿಂದ ನೋಡಬೇಕಾದಷ್ಟು ಹೊತ್ತು ನೋಡಿ ದುರ್ಬೀನನ್ನು ಹೊರಗೆ ತೆಗೆಯಬೇಕು, ಸಣ್ಣ ಗಾತ್ರದ್ದಿದ್ದರೆ ಅದನ್ನೇ ಬಳಸಬೇಕು, ಯಂತ್ರದಲ್ಲಿ ಉಸಿರು ಬಿಡಲು ಸಾಕಷ್ಟು ಹೊತ್ತು ಕೊಡಬೇಕು. ಒತ್ತಡ ಏರಿತೆಂದು ಯಂತ್ರ ಕೂಗಿ ಉಸಿರನ್ನು ಅರ್ಧಕ್ಕೇ ಕತ್ತರಿಸದಂತೆ ಅದರ ಮಿತಿಯನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಕತ್ತಿನ ಬಳಿ ಇರುವವರಿಗೆ ಆಗುವುದಿಲ್ಲ, ಅವರ ಕಣ್ಣು ಸೂಜಿಯ ಮೇಲಿರುತ್ತದೆ. ತಲೆಯ ಬಳಿ ಇನ್ನೊಬ್ಬರು ಬೇಕು. ಒಂದು ಕೈ ಹಳೆಯ ಟ್ಯೂಬಿನ ಮೇಲೆ, ಕಣ್ಣು ಎದೆಯ ಏರಿಳಿತದ ಮೇಲೆ, ಹೊರಬಂದ ಉಸಿರಿನ ಅಳತೆಯ ಮೇಲೆ, ಆ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಪರದೆಯ ಮೇಲೆ ತೋರಿಸುವ ಇಂಗಾಲದ ಅಲೆಯ ಮೇಲೆ. ರಕ್ತದ ಆಮ್ಲಜನಕ ತೋರಿಸಲು ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪನ್ನು ನಂಬಿ ಕೂರಬಾರದು, ಅದು ತಡವಾಗಿ ಹೇಳುತ್ತದೆ. ಅದು ಕೂಗುವ ಹೊತ್ತಿಗೆ ಉಗ್ರಾಣ ಬರಿದಾಗಿರುತ್ತದೆ.

ನಾನು ಹೊಸದಾಗಿ ಕೆಲಸ ಕಲಿಯುತ್ತಿದ್ದಾಗ ನಡೆದದ್ದನ್ನು ಹೇಳಬೇಕು. ಆಸ್ಪತ್ರೆಯ ಹೆಸರು ಬೇಡ. ಹಾವು ಕಡಿದು ಉಸಿರು ಸೋತಿದ್ದ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ತಲೆಯ ಬಳಿ ನಿಂತಿದ್ದವನು ನಾನು. ಟ್ಯೂಬನ್ನು ಎಳೆದು ಹಿಡಿದಿದ್ದೆ. ಬಾಯಲ್ಲಿ ಜೊಲ್ಲು ತುಂಬಿತ್ತು, ಸಕ್ಷನ್ ಪೈಪು ಕೆಳಗೆ ಬಿದ್ದಿತ್ತು, ಎತ್ತಿಕೊಡಲು ಯಾರೂ ಇರಲಿಲ್ಲ. ಬಗ್ಗಿ ಎತ್ತಿಕೊಂಡೆ. ಬಗ್ಗುವಾಗ ಕೈ ಬಿಟ್ಟೆ. ಏಳುವಷ್ಟರಲ್ಲಿ ಟ್ಯೂಬು ಹೊರಗಿತ್ತು. ಕತ್ತಿನಲ್ಲಿ ತಂತಿ ಮಾತ್ರ ಇತ್ತು, ತೂತು ಇನ್ನೂ ಹಿಗ್ಗಿರಲಿಲ್ಲ. ಮುಖಕ್ಕೆ ಮಾಸ್ಕ್ ಒತ್ತಿ ಚೀಲದಿಂದ ಗಾಳಿ ಕೊಟ್ಟರೆ ಅರ್ಧ ಒಳಗೆ, ಅರ್ಧ ಆಚೆ. ಹಿರಿಯ ಸಿಸ್ಟರ್ ಒಬ್ಬರು ಓಡಿ ಹೋಗಿ ಲಾರಿಂಜಿಯಲ್ ಮಾಸ್ಕ್ ತಂದು ಕೈಗೆ ಕೊಟ್ಟರು. ಅದು ಗಂಟಲಲ್ಲಿ ಕೂತು ಗಾಳಿ ಹಿಡಿಯುವ ಬಟ್ಟಲಿನಂಥ ಟ್ಯೂಬು. ಅದು ಕೂತಿತು, ಎದೆ ಎದ್ದಿತು. ಹುಡುಗ ಉಳಿದ. ಅವನ ಬೆರಳುಗಳು ನೀಲಿಯಾದದ್ದು ನನಗೆ ಈಗಲೂ ಕಾಣುತ್ತದೆ. ಅಂದಿನಿಂದ ಲಾರಿಂಜಿಯಲ್ ಮಾಸ್ಕ್, ಬಾಯಿಗೆ ಮತ್ತೆ ಹಾಕುವ ಟ್ಯೂಬು, ಅದನ್ನು ಹಾಕುವ ದೀಪದ ಸಲಕರಣೆ, ನಡೆಯುತ್ತಿರುವ ಸಕ್ಷನ್ ನನ್ನ ಕೈಗೆಟುಕುವಲ್ಲಿ ಇಲ್ಲದೆ ನಾನು ಟ್ಯೂಬು ಎಳೆಯುವುದಿಲ್ಲ. ಮೂರನೆಯವರೊಬ್ಬರು ಸುಮ್ಮನೆ ಎತ್ತಿಕೊಡಲೆಂದೇ ನಿಂತಿರಬೇಕು.

ಹೊಸ ಟ್ಯೂಬು ಕತ್ತಿನಲ್ಲಿ ಇಳಿದ ಮೇಲೂ ಹಳೆಯದನ್ನು ಕಿತ್ತುಹಾಕುವಂತಿಲ್ಲ. ಹೊಸದಕ್ಕೆ ಯಂತ್ರ ಜೋಡಿಸಿ, ಇಂಗಾಲದ ಅಲೆ ಪರದೆಯ ಮೇಲೆ ಒಂದಾದ ಮೇಲೊಂದು ಮೂಡುವುದನ್ನು ಕಂಡ ಮೇಲೆ ಹಳೆಯದು ಹೊರಗೆ. ಅಲೆ ಮೂಡದಿದ್ದರೆ ಟ್ಯೂಬು ಶ್ವಾಸನಾಳದಲ್ಲಿಲ್ಲ, ಚರ್ಮದ ಕೆಳಗೆಲ್ಲೋ ನುಗ್ಗಿದೆ. ಕತ್ತು ಸೀಳಿ ಮಾಡುವ ಪದ್ಧತಿಯಲ್ಲಿ ಇನ್ನೊಂದು ಎಚ್ಚರ ಬೇಕು. ಶ್ವಾಸನಾಳ ತೆರೆಯುವಾಗ ವಿದ್ಯುತ್ತಿನಿಂದ ಸುಡುವ ಸಲಕರಣೆ ಬಳಸಿದರೆ ಒಳಗಿನ ಆಮ್ಲಜನಕದಿಂದಾಗಿ ಟ್ಯೂಬಿಗೆ ಬೆಂಕಿ ಹತ್ತಿಕೊಳ್ಳಬಹುದು. ಅಲ್ಲಿ ಚಾಕುವೇ ಸರಿ.

ಕೋವಿಡ್ ಬಂದಾಗ ಈ ಕೆಲಸದ ಕ್ರಮವೇ ತಿರುಗಿತು. ತೆರೆದ ಶ್ವಾಸನಾಳದಿಂದ ಚಿಮ್ಮುವ ಉಸಿರಿನಲ್ಲಿ ವೈರಸ್ ಇತ್ತು. ಹಳೆಯ ಟ್ಯೂಬನ್ನು ಮೇಲೆಳೆಯುವ ಬದಲು ಇನ್ನೂ ಆಳಕ್ಕೆ ಇಳಿಸಿ, ಬಲೂನು ತೂತಿನ ಜಾಗಕ್ಕಿಂತ ಕೆಳಗೆ ಇರುವಂತೆ ಮಾಡಿದೆವು. ಶ್ವಾಸನಾಳ ತೆರೆಯುವ ಕೆಲವು ಸೆಕೆಂಡು ವೆಂಟಿಲೇಟರನ್ನೇ ನಿಲ್ಲಿಸಿದೆವು. ಬೇಕೆಂದೇ ಉಸಿರು ನಿಲ್ಲಿಸುವುದು, ಅದೂ ಪುಪ್ಪುಸ ಕೆಟ್ಟ ರೋಗಿಗೆ. ಒಬ್ಬರು ಗಟ್ಟಿಯಾಗಿ ಸೆಕೆಂಡು ಎಣಿಸುತ್ತಿದ್ದರು. ಎಣಿಕೆಯ ದನಿ ಕೇಳುತ್ತಿದ್ದರೆ ಕೈ ನಡುಗುತ್ತಿರಲಿಲ್ಲ.

ಆ ಕಾಲದಲ್ಲಿ ನಮ್ಮ ಜಿಲ್ಲೆ ಕಂಡದ್ದನ್ನು ಬಿಟ್ಟು ಮುಂದೆ ಹೋಗಲಾರೆ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ದಿನದೊಳಗೆ 24 ಮಂದಿ ತೀರಿಕೊಂಡರೆಂದು ಮೊದಲ ಸುದ್ದಿ ಬಂತು. ಉಚ್ಚ ನ್ಯಾಯಾಲಯದ ಸೂಚನೆಯಂತೆ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ ತನಿಖೆ ನಡೆಸಿತು. ಐಸಿಯುವಿನಲ್ಲಿ ಒಬ್ಬ ರೋಗಿಯ ಎರಡು ನಿಮಿಷಕ್ಕೆ ನಾವು ಇಷ್ಟು ಲೆಕ್ಕ ಹಾಕುತ್ತೇವೆ. ಇಡೀ ಆಸ್ಪತ್ರೆಯ ಉಗ್ರಾಣದ ಲೆಕ್ಕವನ್ನೂ ಯಾರಾದರೂ ಒಬ್ಬರು ಅದೇ ಕಣ್ಣಿನಿಂದ ನೋಡಬೇಕಿತ್ತು. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್. ನಿಮಿಷಕ್ಕೆ ಹತ್ತು ಲೀಟರಿನಂತೆ ಒಬ್ಬರಿಗೆ ಹನ್ನೊಂದೂವರೆ ಗಂಟೆ. ಆಂಬುಲೆನ್ಸಿನ ಸಣ್ಣ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್, ಎರಡೂವರೆ ಗಂಟೆ. ಹನೂರಿನಿಂದ ಮೈಸೂರಿಗೆ ಸುಮಾರು 85 ಕಿಲೋಮೀಟರ್. ದಾರಿಯಲ್ಲಿ ರೈಲ್ವೆ ಗೇಟಿಲ್ಲದಿದ್ದರೂ ಜಾತ್ರೆಯಿದೆ, ಕಬ್ಬಿನ ಗಾಡಿಗಳಿವೆ. ಹೊರಡುವ ಮುಂಚೆ ಸಿಲಿಂಡರಿನ ಮುಳ್ಳು ನೋಡುವುದು ಓದು ಬಾರದವರಿಂದಲೂ ಆಗುವ ಕೆಲಸ.

ನಮ್ಮಲ್ಲಿ ಒಳ್ಳೆಯದೂ ನಡೆದಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಿಂದ ಕರುಣಾ ಟ್ರಸ್ಟ್ ನಡೆಸಿ ತೋರಿಸಿತು. ಹಳ್ಳಿಯ ಆರೋಗ್ಯ ಕೇಂದ್ರ ದಿನವಿಡೀ ತೆರೆದಿರಬಲ್ಲದು ಎಂಬುದಕ್ಕೆ ಈ ಮಣ್ಣಿನಲ್ಲೇ ಸಾಕ್ಷಿಯಿದೆ.

ಕತ್ತಿನ ಟ್ಯೂಬಿನೊಂದಿಗೆ ಮನೆಗೆ ಬರುವವರ ಬಗ್ಗೆ ಎರಡು ಮಾತು. ಒಳಟ್ಯೂಬನ್ನು ದಿನಾ ತೆಗೆದು ತೊಳೆಯಬೇಕು. ಮೂಗಿನ ತೇವ ತಪ್ಪಿದ್ದರಿಂದ ಕಫ ಗಟ್ಟಿಯಾಗುತ್ತದೆ, ತೂತಿನ ಮುಂದೆ ಒದ್ದೆ ಗಾಜ್ ಬಟ್ಟೆ ಇರಬೇಕು. ಕಾವೇರಿಯಲ್ಲಿ ಮುಳುಗುವಂತಿಲ್ಲ, ತಲೆಯ ಮೇಲೆ ನೀರು ಹುಯ್ಯುವಾಗ ತೂತಿಗೆ ತಾಗಬಾರದು. ಮನೆಗೆ ಬರುವ ಮುಂಚೆ, ಟ್ಯೂಬು ಹಾಕಿದ ಮೊದಲ ವಾರ ಹತ್ತು ದಿನದೊಳಗೆ ಆಸ್ಪತ್ರೆಯಲ್ಲೇ ಅದು ಕಳಚಿದರೆ ಕುರುಡಾಗಿ ಮತ್ತೆ ತುರುಕಬಾರದು. ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ. ತೂತನ್ನು ಗಾಜ್ ಬಟ್ಟೆಯಿಂದ ಒತ್ತಿ ಹಿಡಿದು ಬಾಯಿಯ ಕಡೆಯಿಂದಲೇ ಉಸಿರು ಕೊಡಬೇಕು. ಮನೆಯವರು ಇದನ್ನು ತಿಳಿದಿದ್ದರೆ ಬಾಗಿಲ ಬಳಿ ನಿಂತು ಜನರನ್ನಾದರೂ ಸರಿಯಾಗಿ ಕೂಗಬಲ್ಲರು. ನಿಮ್ಮವರಿಗೆ ಮಾತು ಬರಲಿಲ್ಲವೆಂದು ಅವರ ಮುಂದೆ ನೀವೂ ಮಾತು ನಿಲ್ಲಿಸಬೇಡಿ. ಅವರಿಗೆ ಎಲ್ಲ ಕೇಳಿಸುತ್ತದೆ. ಸ್ಲೇಟು ಕೊಡಿ, ಅಕ್ಷರ ಬಾರದಿದ್ದರೆ ಕಣ್ಣ ಸನ್ನೆ ಗೊತ್ತುಮಾಡಿಕೊಳ್ಳಿ.

ಈ ಸಭೆಯಲ್ಲಿ ಗ್ರಾಮ ಪಂಚಾಯಿತಿಯವರಿದ್ದೀರಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯವರಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಆಂಬು ಬ್ಯಾಗ್ ಇದೆಯೇ, ಅದರ ರಬ್ಬರು ಹರಿದಿಲ್ಲ ತಾನೇ, ಸಕ್ಷನ್ ಯಂತ್ರ ಕರೆಂಟು ಹೋದಾಗ ಕಾಲಿನಿಂದ ನಡೆಯುತ್ತದೆಯೇ ಎಂದು ಈ ವಾರ ಹೋಗಿ ನೋಡಿ. ಕೊಳ್ಳೇಗಾಲದಿಂದ ಟ್ಯೂಬು ಹಾಕಿಸಿಕೊಂಡು ಮೈಸೂರಿಗೆ ಹೋಗುವ ಪ್ರತಿಯೊಂದು ಆಂಬುಲೆನ್ಸಿನಲ್ಲಿ ಇಂಗಾಲದ ಅಲೆ ತೋರಿಸುವ ಯಂತ್ರ ಇರಬೇಕೆಂದು ನಿಮ್ಮ ಶಾಸಕರನ್ನು ಕೇಳಿ, ಬರೆದು ಕೇಳಿ. ನಿಮ್ಮವರ ಕತ್ತಿಗೆ ಟ್ಯೂಬು ಹಾಕಲು ಸಹಿ ಕೇಳಿದಾಗ, ಹಾಕುವ ಮುಂಚೆ, ಆ ಹೊತ್ತು ಉಸಿರು ನೋಡಿಕೊಳ್ಳುವವರು ಯಾರು ಎಂದು ಕೇಳಿ. ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ, ನಾನಂತೂ ಮಾಡಿಕೊಳ್ಳುವುದಿಲ್ಲ.

ಹೊರಗಿನ ಜಗಲಿಯಲ್ಲಿ ಮೇಜಿನ ಮೇಲೆ ರಬ್ಬರಿನ ಬೊಂಬೆ ಮಲಗಿಸಿದ್ದೇವೆ, ಪಕ್ಕದಲ್ಲಿ ನಾಲ್ಕು ಆಂಬು ಬ್ಯಾಗ್ ಇವೆ. ನನ್ನ ಜೊತೆ ಬಂದಿರುವ ಸಿಸ್ಟರುಗಳು ಹೇಳಿಕೊಡುತ್ತಾರೆ. ಐದೈದು ಸೆಕೆಂಡಿಗೆ ಒಂದು ಸಲ, ಎದೆ ಏಳುವಷ್ಟೇ ಒತ್ತಿ, ಬಿಟ್ಟು, ಅದು ಉಬ್ಬಲು ಬಿಡಬೇಕು. ಊಟಕ್ಕೆ ಕೂರುವ ಮುಂಚೆ ಪ್ರತಿಯೊಬ್ಬರೂ ಒಂದೊಂದು ನಿಮಿಷ ಒತ್ತಿ ನೋಡಿ ಹೋಗಿ.